ಪಿಂಜಾರರ ಅಂಗಳಕ್ಕೆ ಬಿದ್ದ ಗೊರವಂಕದ ಮರಿ

ನೂರಜಹಾನ ಅಂಗಳ ಗುಡಿಸಲು ಬಂದಾಗ ಗೋಡೆಯ ಬುಡದಲ್ಲಿ ಗೊರವಂಕದ ಮರಿಯೊಂದು ಬಿದ್ದಿತ್ತು. ಮೈಮೇಲೆ ಇನ್ನೂ ಸರಿಯಾಗಿ ಪುಕ್ಕವಿಲ್ಲ. ಪಕ್ಕದ ಮನೆಯ ಬೆಕ್ಕು ಕಟ್ಟೆಯ ಮೇಲೆ ಕುಳಿತು ಅದನ್ನೇ ನೋಡುತ್ತಿತ್ತು. ನೂರಜಹಾನ ಓಡಿಹೋಗಿ ಮರಿಯನ್ನು ಎತ್ತಿಕೊಂಡಳು.

ಹುಬ್ಬಳ್ಳಿಯ ಬೀದಿಗಳಲ್ಲಿ ಟಾಂಗಾಗಳದೇ ಕಾರುಬಾರು ಇದ್ದ ಕಾಲ ಅದು. ಕಮರಿಪೇಟೆಯ ಆ ಮನೆ ಪಿಂಜಾರ ಯಾಕೂಬಸಾಬರದು. ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ತುಂಬುವುದು ಅವರ ಕಸುಬು. ಹತ್ತಿಯ ಮನೆಯವರಿಗೆ ಹತ್ತಿಗಿಂತ ಮೆತ್ತನೆಯದು ಬೇರೇನು ಹೊಳೆದೀತು? ಗಂಡ ಆಗತಾನೇ ಹಿಂಜಿದ ಹತ್ತಿಯಲ್ಲಿ ನೂರಜಹಾನ ಮರಿಯನ್ನು ಕತ್ತಿನವರೆಗೆ ಸುತ್ತಿದಳು. ಬತ್ತಿ ಹೊಸೆದು, ಹಾಲಿನಲ್ಲಿ ಅದ್ದಿ, ಅದರ ಬಾಯಿಗೆ ಹಿಡಿಯಹೊರಟಳು.

ಅಷ್ಟರಲ್ಲಿ ಮಾಳವ್ವ ಬಂದಳು. ತಾರಿಹಾಳದಿಂದ ಹುಲ್ಲಿನ ಹೊರೆ ತಂದು ಟಾಂಗಾದವರಿಗೆ ಮಾರುವ ಮುದುಕಿ. ದಿನವೂ ಇಲ್ಲಿ ಹೊರೆ ಇಳಿಸಿ, ನೀರು ಕುಡಿದು ಹೋಗುವಳು. ಹೊಲದ ಬದುವಿನಲ್ಲೇ ಕೂದಲು ಬೆಳ್ಳಗಾದ ಅವಳಿಗೆ ಹಕ್ಕಿಗಳ ಸಂಸಾರ ತನ್ನ ಸಂಸಾರದಷ್ಟೇ ಗೊತ್ತು.

“ನೂರಜಹಾನವ್ವ, ಹಾಲ ಕುಡಸಬ್ಯಾಡ! ಹಕ್ಕಿ ಹಾಲ ಕುಡಿದದ್ದು ಎಲ್ಯಾರ ನೋಡೀಯೇನು? ಹಾಲಾಗಲಿ ನೀರಾಗಲಿ ಬಾಯಾಗ ಹನಿಸಿದ್ರ ಉಸರು ಕಟ್ಟಿ ಸಾಯ್ತದ. ಮೊದಲ ಆ ಹತ್ತಿ ತಗಿ.”

“ಬೆಚ್ಚಗ ಇರ್ಲಿ ಅಂತ ಸುತ್ತೇನಿ, ಮಾಳವ್ವ.”

“ಮರಿ ಕಾಲ ನೋಡು.”

ಹತ್ತಿಯ ಎಳೆ ಮರಿಯ ಬೆರಳಿಗೆ ಸುತ್ತಿಕೊಂಡು, ಒದ್ದಾಡಿದಷ್ಟೂ ಬಿಗಿಯುತ್ತಿತ್ತು. ಮಾಳವ್ವ ಉಗುರಿನಿಂದ ಒಂದೊಂದೇ ಎಳೆ ಬಿಡಿಸಿದಳು. ಹುಲ್ಲು ಕೊಯ್ದು ಒರಟಾದ ಕೈ ಎಷ್ಟು ಹಗುರ! ನೂರಜಹಾನಳಿಗೆ ಬೆರಗಾಯಿತು. ನಾನೇ ಕೊಲ್ಲುತ್ತಿದ್ದೆನಲ್ಲ ಎಂದು ತನ್ನ ಮೇಲೆ ಸಿಟ್ಟೂ ಬಂತು.

“ಪುಕ್ಕ ಪೂರಾ ಬಂದು ಕುಪ್ಪಳಿಸೋ ಮರಿ ಇದ್ರ ಎತ್ತಲೇಬ್ಯಾಡ. ಹಾರೋದು ಕಲಿಯಾಕತ್ತಿರ್ತದ. ಬೆಕ್ಕು ಬರದಂಗ ನೋಡ್ಕೊಂಡ್ರ ಸಾಕು. ಇದಕ್ಕ ಪುಕ್ಕ ಇಲ್ಲ, ಇದು ಗೂಡಿಗೇ ಹೋಗಬೇಕು. ಗೂಡು ಕೆಟ್ಟಿದ್ರ ಸಣ್ಣ ಬುಟ್ಟ್ಯಾಗ ಒಣ ಹುಲ್ಲು ಹಾಕಿ ಅಲ್ಲೇ ಹತ್ರ ಕಟ್ಟು.”

ಅಂಗಳದಲ್ಲಿ ಬಿಲ್ಲು ಬಾರಿಸುತ್ತಲೇ ಯಾಕೂಬಸಾಬ ನಕ್ಕರು. “ಮನಶ್ಯಾರ ಕೈ ಹತ್ತಿದ ಮರೀನ ತಾಯಿ ಹೊಳ್ಳಿ ನೋಡಂಗಿಲ್ಲ, ಮಾಳವ್ವ.”

“ಸಾಬರ, ನಿಮ್ಮ ಮಗಳನ್ನ ಮೊದಲ ಸೂಲಗಿತ್ತಿ ಮುಟ್ಟಿದ್ಲು. ನೂರಜಹಾನವ್ವ ಬಿಟ್ಟಳೇನು?”

ಸಾಬರು ಮತ್ತೆ ಬಿಲ್ಲು ಬಾರಿಸತೊಡಗಿದರು. ನೂರಜಹಾನ ಏಣಿ ಹತ್ತಿ, ಗೋಡೆಯ ಪೊಟರೆಯಲ್ಲಿದ್ದ ಗೂಡಿನೊಳಗೆ ಮರಿಯನ್ನು ಇಟ್ಟಳು.

ಆದರೆ ತಾಯಿ ಬರಲಿಲ್ಲ. ಎದುರು ಗೋಡೆಯ ಮೇಲೆ ಕೊಕ್ಕಿನಲ್ಲಿ ಮಿಡತೆ ಕಚ್ಚಿಕೊಂಡು ಕೂತಿತ್ತು. ಇತ್ತ ಹಾರುವುದು, ಅರ್ಧಕ್ಕೇ ತಿರುಗುವುದು. ಮರಿಯ ಕೂಗು ಸಣ್ಣಗಾಗುತ್ತ ಬಂತು.

“ನಾ ಹೇಳಿದ್ದಿಲ್ಲೇನು?” ಎಂದರು ಸಾಬರು.

ಮಾಳವ್ವ ಕಣ್ಣು ಕಿರಿದು ಮಾಡಿ ನೋಡಿದಳು. “ಅದು ಅಂಜಾಕತ್ತಿದ್ದು ನಮ್ಮ ಕೈಗಲ್ಲ, ಸಾಬರ. ನಿಮ್ಮ ಬಿಲ್ಲಿಗೆ.”

ನಿಜವೇ. ಮದುವೆಯ ಗಾದಿಗಳು ಬಹಳ, ಒಳಗೆ ಜಾಗ ಸಾಲದೆಂದು ಅಂದೇ ಬಿಲ್ಲನ್ನು ಒಳಗಿನಿಂದ ತಂದು ಗೂಡಿನ ಕೆಳಗೆ ಕಟ್ಟಿದ್ದರು. ಒಂದೊಂದು ಏಟಿಗೂ ಹಕ್ಕಿ ಬೆಚ್ಚಿ ಹಿಂದಕ್ಕೆ ಹೋಗುತ್ತಿತ್ತು.

“ನಾಳೆ ನೀಲಕಂಠಪ್ಪನವರ ಮದುವಿ ಮನಿಗೆ ಗಾದಿ ಕೊಡಬೇಕು. ಒಂದು ಹಕ್ಕಿ ಸಲುವಾಗಿ ಮಾತು ತಪ್ಪಲೇನು?”

“ಮಾತು ಉಳಸೋಣ್ರಿ, ನಾನೂ ಕೈ ಹಚ್ಚತೇನಿ,” ಎಂದಳು ನೂರಜಹಾನ. “ಆ ಜೀವ ಈಗ ಹೋದ್ರ ನಾಳೆ ಬರಂಗಿಲ್ಲ.”

ಯಾಕೂಬಸಾಬ ಹೆಂಡತಿಯ ಮುಖ ನೋಡಿದರು. ಬಿಲ್ಲು ಕೆಳಗಿಟ್ಟರು. ಮೂವರೂ ಒಳಗೆ ಹೋಗಿ ಬಾಗಿಲ ಸಂದಿಯಿಂದ ಇಣುಕಿದರು.

ಸ್ವಲ್ಪ ಹೊತ್ತಿಗೆ ಗೊರವಂಕ ಹಾರಿ ಬಂದು ಪೊಟರೆಯೊಳಗೆ ನುಗ್ಗಿತು. ಮರಿ ಕಿರುಚಿತು. ತಾಯಿ ಹೊರಬಂದಾಗ ಕೊಕ್ಕು ಬರಿದಾಗಿತ್ತು. ಮತ್ತೆ ಹೋಯಿತು, ಮತ್ತೆ ತಂದಿತು. ನೂರಜಹಾನ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಭಲೇ ತಾಯಿ!” ಎಂದರು ಸಾಬರು ಮೆಲ್ಲಗೆ. “ಅಷ್ಟ ಅಂಜಿಕಿ ಇದ್ರೂ ಬಿಟ್ಟು ಹೋಗಲಿಲ್ಲ ನೋಡು. ನೀ ಹೇಳಿದ್ದು ಖರೇ, ಮಾಳವ್ವ.”

ಆಮೇಲೆ ಬಿಲ್ಲು ಹೆಗಲೇರಿಸಿ ಓಣಿಯ ತುದಿಯ ಖಾಜಾಸಾಬರ ಅಂಗಳಕ್ಕೆ ಹೋದರು. ಗಂಡ ಹೆಂಡತಿ ಅಲ್ಲೇ ಕೂತು ದುಡಿದರು, ಗಾದಿಗಳು ಹೇಳಿದ ಹೊತ್ತಿಗೇ ಮುಟ್ಟಿದವು. ಆದರೂ ಬಿಲ್ಲು ಎರಡು ವಾರ ಮನೆಗೆ ಮರಳಲಿಲ್ಲ.

ಒಂದು ಬೆಳಿಗ್ಗೆ ಮರಿ ಮತ್ತೆ ಅಂಗಳದಲ್ಲಿತ್ತು. ನೂರಜಹಾನ ಎತ್ತಲು ಬಗ್ಗಿದವಳು ತಡೆದು ನೋಡಿದಳು. ಮೈತುಂಬ ಪುಕ್ಕ! ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬೆಕ್ಕನ್ನು ಓಡಿಸಿ, ದೂರ ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಮರಿ ತಾಯಿಯ ಹಿಂದೆ ಗೋಡೆ ದಾಟಿತು. ಸಾಬರು ಆ ಸಂಜೆಯೇ ಬಿಲ್ಲು ಮನೆಗೆ ತಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ಹಕ್ಕಿಮರಿ ಬಿದ್ದೀತು. ಪುಕ್ಕ ಬಂದಿದೆಯೇ ಎಂದು ಮೊದಲು ನೋಡಿ. ಬಂದಿದ್ದರೆ ಅದರ ಪಾಡಿಗೆ ಬಿಡಿ, ಬರದಿದ್ದರೆ ಗೂಡಿಗೆ ಸೇರಿಸಿ. ಹಾಲು ನೀರು ಹನಿಸಬೇಡಿ, ಹತ್ತಿಯಲ್ಲಿ ಸುತ್ತಬೇಡಿ. ಆಮೇಲೆ ಗದ್ದಲ ನಿಲ್ಲಿಸಿ ದೂರ ಸರಿಯಿರಿ. ಅದರ ತಾಯಿ ಎದುರು ಗೋಡೆಯ ಮೇಲೆ ಕಾಯುತ್ತಿರುತ್ತಾಳೆ.