ತಮ್ಮನಿಗೆಂದು ಮಾಡಿದ ಪೆಟ್ಟಿಗೆ

"ನಿಮ್ಮ ತಮ್ಮ ಹಸಿವು ಅಂತಿದಾನೆ ರೀ," ಎಂದು ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದಾಗ ಪೆಟ್ಟಿಗೆ ಮೇಷ್ಟರು ಮುಚ್ಚಳದ ಅಂಚಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ಅವರ ಕೈ ನಿಲ್ಲಲಿಲ್ಲ. ಕೊನೆಗಾಲದಲ್ಲಿ ಕೆಲವರಿಗೆ ಹಾಗೆ ಇದ್ದಕ್ಕಿದ್ದಂತೆ ಹಸಿವಾಗುತ್ತದೆಂದು ಅವರು ಎಷ್ಟೋ ಮನೆಗಳಲ್ಲಿ ಕೇಳಿದ್ದರು.

"ಏನು ಕೇಳ್ತಾನೋ ಕೊಡು," ಎಂದರು. ದನಿಯಲ್ಲಿ ಕರುಣೆ ಇತ್ತು. ಆ ಕರುಣೆ ತಮಗೇ ಕೇಳಿಸಿ ಹಿತವಾಯಿತು.

ಜನ ಅವರನ್ನು ಪೆಟ್ಟಿಗೆ ಮೇಷ್ಟರು ಎನ್ನುತ್ತಿದ್ದುದು ಅವರು ವಾರವೆಲ್ಲ ಶವಪೆಟ್ಟಿಗೆ ಮಾಡಿ, ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಯೇಸು ಹೇಳಿದ ಸಾಮ್ಯದ ಕಥೆಗಳನ್ನು ಹೇಳಿಕೊಡುತ್ತಿದ್ದುದರಿಂದ. ಎರಡು ಕೆಲಸವನ್ನೂ ಒಂದೇ ರೀತಿ ಮಾಡುತ್ತಿದ್ದರು, ಮೂಲೆಮಟ್ಟ ಹಿಡಿದು, ಎಲ್ಲೂ ಸಂದು ಬಿಡದೆ. ಬಿತ್ತುವವನ ಕಥೆ ಹೇಳಿದರೆ ಯಾವ ನೆಲ ಯಾರ ಮನಸ್ಸು ಎಂದು ಬಿಡಿಸಿ ಹೇಳಿ, ಮಕ್ಕಳಿಂದ ಒಪ್ಪಿಸಿಕೊಂಡೇ ಮನೆಗೆ ಕಳಿಸುವರು. ಕೃಪೆ ಎಂದರೇನು ಎಂದು ಕೇಳಿದರೆ ಆ ಕೋಣೆಯ ಯಾವ ಮಗುವೂ ತಡವರಿಸುತ್ತಿರಲಿಲ್ಲ. "ನಾವು ಯೋಗ್ಯರಲ್ಲದಿದ್ದರೂ ದೇವರು ಕೊಡುವುದು" ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದವು.

ತಾತನ ಕಾಲದಿಂದ ಆ ಶೆಡ್ಡಿಗೆ ಎರಡು ಕಟ್ಟಳೆ ಇದ್ದವು. ಬದುಕಿರುವವರ ಮೈಗೆ ಅಳತೆ ಹಿಡಿಯಬಾರದು. ಚರ್ಚಿನಲ್ಲಿ ಸಾವಿನ ಗಂಟೆ ಹೊಡೆಯುವ ಮುಂಚೆ ಗರಗಸ ಮುಟ್ಟಬಾರದು. ಮೊದಲನೆಯದನ್ನು ಮೇಷ್ಟರು ಈ ಸಲವೂ ಪಾಲಿಸಿದ್ದರು, ತಮ್ಮನ ಹಾಸಿಗೆಯ ಬಳಿ ಟೇಪು ಒಯ್ಯದೆ ಕಣ್ಣಳತೆಯಲ್ಲೇ ಮರ ಕೊಯ್ದಿದ್ದರು. ಎರಡನೆಯದನ್ನು ಮುರಿದಿದ್ದರು. ಅದಕ್ಕೆ ಅವರ ಬಳಿ ಸಮಜಾಯಿಷಿ ಇತ್ತು. ಡಾಕ್ಟರು ಇನ್ನು ದೇವರೇ ಗತಿ ಎಂದು ಹೇಳಿ ಹೋಗಿದ್ದರು, ಮರವೋ ಅವಸರಕ್ಕೆ ಬಗ್ಗುವ ಮರವಲ್ಲ.

ಅದು ಹಳೆಯ ಚರ್ಚಿನ ಹೆಬ್ಬಾಗಿಲ ತೇಗ. ಹೊಸ ಬಾಗಿಲು ಕೂರಿಸಿದಾಗ ಮೇಷ್ಟರು ಕೇಳಿ ಪಡೆದು, ಹಲಗೆಗಳನ್ನು ಬಿಡಿಸಿ, ಅಟ್ಟದ ಮೇಲೆ ಒಂದರ ಮೇಲೊಂದು ತಾಗದಂತೆ ಜೋಡಿಸಿಟ್ಟಿದ್ದರು. ಪ್ರತಿ ಬೇಸಿಗೆ ಇಳಿಸಿ ಮಗ್ಗುಲು ಬದಲಿಸುವರು. ಯಾರಿಗೆ ಎಂದು ಹೇಳಿರಲಿಲ್ಲ, ಆದರೆ ಮನೆಯವರಿಗೆಲ್ಲ ಗೊತ್ತಿತ್ತು. ಊರಿನವರಿಗೆಲ್ಲ ಅಗ್ಗದ ಮರದಲ್ಲಿ ಮಾಡಿಕೊಟ್ಟವರು ತಮಗೊಂದು ಒಳ್ಳೆಯದನ್ನು ಇಟ್ಟುಕೊಂಡರೆ ತಪ್ಪೇನು ಎಂದು ಹೆಂಡತಿಯೂ ಸುಮ್ಮನಿದ್ದಳು. ಆ ಹಲಗೆಗಳನ್ನು ಅವರು ತಮ್ಮನಿಗಾಗಿ ಇಳಿಸಿದರು.

ಆ ತಮ್ಮ ಮನೆ ಬಿಟ್ಟದ್ದು ಅಮ್ಮ ಹಾಸಿಗೆ ಹಿಡಿದಿದ್ದ ವರ್ಷ. ಹೋಗುವಾಗ ತಾತನ ಉಳಿಗಳ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿದ್ದ, ಎಲ್ಲೋ ಹೊಸ ಅಂಗಡಿ ಇಡುತ್ತೇನೆಂದು. ಅಂಗಡಿ ಇಡಲಿಲ್ಲ. ಉಳಿಗಳು ಎಲ್ಲಿ ಹೋದವೋ ಅವನಿಗೇ ನೆನಪಿಲ್ಲ. ಅಮ್ಮ ತೀರಿಕೊಂಡಾಗ ಹೇಳಿಕಳಿಸಿದರೂ ಬರಲಿಲ್ಲ. ಅಪ್ಪನ ಕೈ ನಡುಗುತ್ತಿತ್ತು, ಅಮ್ಮನ ಪೆಟ್ಟಿಗೆಯನ್ನು ಮೇಷ್ಟರು ಒಬ್ಬರೇ ಮಾಡಿದರು. ಆಮೇಲೆ ಎಷ್ಟೋ ವರ್ಷ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಈಗ ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಯಾರೋ ಲಾರಿಯವರು ಅವನನ್ನು ಗೇಟಿನ ಬಳಿ ಇಳಿಸಿ ಹೋದರು. ಹೊಟ್ಟೆ ಊದಿತ್ತು, ಕಣ್ಣು ಹಳದಿಯಾಗಿತ್ತು. ಎಂಬತ್ತು ದಾಟಿದ ಅಪ್ಪ ಚಪ್ಪಲಿಯೂ ಇಲ್ಲದೆ ಗೇಟಿನವರೆಗೆ ಓಡಿದ. ಅದನ್ನು ಓಟ ಎನ್ನಬಹುದಾದರೆ.

ಸಾಯುವವನ ಮೇಲೆ ಸಿಟ್ಟು ಇಟ್ಟುಕೊಳ್ಳುವಷ್ಟು ಕೆಟ್ಟವರಲ್ಲ ಮೇಷ್ಟರು. ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿದ ದಿನ ತಮ್ಮ ಅತ್ತು ಅಣ್ಣನ ಕೈ ಹಿಡಿದುಕೊಂಡ. "ಎಲ್ಲಾ ಮರೆತೆ ಕಣೋ," ಎಂದರು ಇವರು. ನೋಡಿದವರ ಕಣ್ಣೂ ಒದ್ದೆಯಾಯಿತು. ಮುಂದಿನ ಭಾನುವಾರ ಅವರು ಮಕ್ಕಳಿಗೆ ಮನೆ ಬಿಟ್ಟು ಹೋಗಿ ಹಂದಿ ಕಾಯ್ದು ತಿರುಗಿ ಬಂದ ಮಗನ ಕಥೆ ಹೇಳಿದರು. ಅಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ.

ಈಗ ಆ ತಮ್ಮ ಹಸಿವು ಎಂದ. ಮರುದಿನವೂ ಎಂದ. ಮೂರನೆಯ ದಿನ ದಿಂಬಿಗೆ ಒರಗಿ ಕೂತು, ಅತ್ತಿಗೆಯ ಕೈಯಡುಗೆ ಮೊದಲಿಗಿಂತ ಸುಧಾರಿಸಿದೆ ಎಂದು ತಮಾಷೆ ಮಾಡಿದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಔಷಧಿ ನಾಟಿದೆ. ಇಷ್ಟು ತಡವಾಗಿ ನಾಟತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ," ಎಂದರು. ಪಾದ್ರಿಗಳು ದೇವರ ಕೃಪೆ ಎಂದರು. ಮೇಷ್ಟರು ಶೆಡ್ಡಿಗೆ ಹೋಗಿ ಪೆಟ್ಟಿಗೆಯ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದರು.

ಅವರಿಗೆ ಸಿಟ್ಟು ಬಂದಿತ್ತು. ಆ ತಮ್ಮ ಬದುಕಿಕೊಂಡಿದ್ದಕ್ಕೆ ಸಿಟ್ಟು ಎಂದು ತಮಗೆ ತಾವೇ ಹೇಳಿಕೊಳ್ಳಲು ನಾಚಿಕೆಯಾಗಿ, ಅಂಟು ಸರಿಯಾಗಿ ಹಿಡಿಯುತ್ತಿಲ್ಲ ಎಂದು ಅಂಟಿನ ಮೇಲೆ ರೇಗಿದರು, ಗರಗಸದ ಮೇಲೆ ರೇಗಿದರು. ಮನೆಯೊಳಗಿಂದ ಅಪ್ಪ ನಗುವುದು ಕೇಳುತ್ತಿತ್ತು. ಅಮ್ಮ ಹೋದ ಮೇಲೆ ಆ ನಗು ಅವರು ಕೇಳಿರಲಿಲ್ಲ. ಅಷ್ಟು ವರ್ಷ ಅಪ್ಪನ ಉಗುರು ಕತ್ತರಿಸಿದವರು, ಸ್ನಾನಕ್ಕೆ ನೀರು ಕಾಯಿಸಿಕೊಟ್ಟವರು ತಾವು. ನಗಿಸಿದವನು ಅವನು. ಮಧ್ಯಾಹ್ನದ ಊಟವನ್ನು ಅವರು ಶೆಡ್ಡಿಗೇ ತರಿಸಿಕೊಳ್ಳತೊಡಗಿದರು.

ಒಂದು ಸಂಜೆ ತಮ್ಮ ಗೋಡೆ ಹಿಡಿದುಕೊಂಡು ಶೆಡ್ಡಿಗೇ ಬಂದ. ಅವರು ತಡೆಯುವ ಮೊದಲೇ ಬೆಡ್‌ಶೀಟು ಎತ್ತಿ ನೋಡಿದ.

"ನಂಗಾ?"

"ಹೂಂ."

ತಮ್ಮ ಮುಚ್ಚಳದ ಮೇಲೆ ಕೈಯಾಡಿಸಿದ. ಅವನೂ ಆ ಮನೆಯವನೇ, ಕೆಲಸ ಗೊತ್ತಾಗುತ್ತದೆ. "ಬದುಕಿ ನಿನ್ ಕೆಲಸ ಕೆಡಿಸ್ಬಿಟ್ಟೆ ಅಣ್ಣ," ಎಂದು ನಕ್ಕ. ಅಣ್ಣ ನಗದಿದ್ದಾಗ ಮೆಲ್ಲಗೆ ಕೇಳಿದ, "ಅಮ್ಮಂಗೂ ಇಷ್ಟು ಚೆನ್ನಾಗಿ ಮಾಡಿದ್ಯಾ?"

"ಬಂದಿದ್ರೆ ನೋಡ್ಬೋದಿತ್ತು."

ತಮ್ಮ ಬೆಡ್‌ಶೀಟನ್ನು ಮತ್ತೆ ಹೊದಿಸಿ, ನಾಲ್ಕೂ ಮೂಲೆ ಸರಿಮಾಡಿ, ಬಂದ ಹಾಗೆಯೇ ಗೋಡೆ ಹಿಡಿದು ಹೋದ.

ಅಪ್ಪ ಭಾನುವಾರ ಸಂಜೆ ಊಟಕ್ಕೆ ಜನರನ್ನು ಕರೆಯಬೇಕೆಂದ. ಪಾದ್ರಿಗಳು, ಅಕ್ಕಪಕ್ಕದವರು, ಚರ್ಚಿನಲ್ಲಿ ಹಾಡುವವರು, ಮಕ್ಕಳು, ಡಾಕ್ಟರು, ಎಲ್ಲರೂ. "ನಂಗೆ ಅವತ್ತು ಅರ್ಜೆಂಟ್ ಕೆಲಸ ಇದೆ," ಎಂದರು ಮೇಷ್ಟರು. ಹೆಂಡತಿ ಅವರ ಮುಖ ನೋಡಿದಳು. ಊರಿನಲ್ಲಿ ಯಾರೂ ಸತ್ತಿರಲಿಲ್ಲ.

ಆ ಬೆಳಿಗ್ಗೆಯ ಪಾಠದಲ್ಲಿ, ಮಕ್ಕಳೇ ಹಠ ಹಿಡಿದದ್ದರಿಂದ, ಮನೆ ಬಿಟ್ಟು ಹೋದ ಮಗನ ಕಥೆಯನ್ನು ಅವರು ಮತ್ತೆ ಹೇಳಬೇಕಾಯಿತು. ಈ ಸಲ ಬೇಗ ಬೇಗ ಮುಗಿಸಿದರು. ತಂದೆ ಔತಣ ಮಾಡಿಸಿದ, ಹೊಲದಿಂದ ಬಂದ ದೊಡ್ಡ ಮಗ ಹಾಡು ಕೇಳಿ ಸಿಟ್ಟಾಗಿ ಹೊರಗೇ ನಿಂತ, ತಂದೆ ಹೊರಗೆ ಬಂದು ಕರೆದ. ಪುಸ್ತಕ ಮುಚ್ಚಿದರು. ಮುಂದಿನ ಹಲ್ಲು ಬಿದ್ದಿದ್ದ ಒಬ್ಬ ಹುಡುಗಿ ಕೈ ಎತ್ತಿದಳು.

"ಮೇಷ್ಟ್ರೇ, ಆಮೇಲೆ ದೊಡ್ಡ ಮಗ ಒಳಗೆ ಹೋದ್ನಾ?"

"ಅದನ್ನ ಹೇಳಿಲ್ಲ."

"ಯಾಕೆ ಹೇಳಿಲ್ಲ?"

"ಕಥೆ ಅಲ್ಲಿಗೇ ಮುಗಿಯತ್ತೆ."

"ಅಲ್ಲಿ ಮುಗಿಯಕ್ಕಾಗಲ್ಲ," ಎಂದಳು ಹುಡುಗಿ. "ಅವ್ನಿಗೆ ಊಟ ಆಗಿಲ್ಲ."

ಸಂಜೆ ಅಂಗಳದಾಚೆ ಮನೆಯ ದೀಪಗಳೆಲ್ಲ ಹೊತ್ತಿಕೊಂಡವು. ಮೇಷ್ಟರು ಶೆಡ್ಡಿನಲ್ಲಿ ಹರಿತವಾಗಿಯೇ ಇದ್ದ ಉಳಿಯನ್ನು ಹರಿತ ಮಾಡುತ್ತ ಕೂತಿದ್ದರು. ಹೊಟ್ಟೆ ಚುರುಗುಟ್ಟುತ್ತಿತ್ತು. ಮೊದಲು ಒಂದು ಕೀರ್ತನೆ, ಆಮೇಲೆ ಪಾತ್ರೆಗಳ ಸದ್ದು, ಆಮೇಲೆ ತಮ್ಮ ಏನೋ ಹೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ನಕ್ಕದ್ದು ಕೇಳಿತು. ಹೆಂಡತಿ ಒಂದು ಸಲ ಬಂದು ಕರೆದು ಹೋದಳು. ಎರಡನೆಯ ಸಲ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದಾಯಿತು. ಅಪ್ಪ. ಕತ್ತಲಾಗುತ್ತಿದ್ದ ಅಂಗಳವನ್ನು ಒಬ್ಬನೇ ದಾಟಿ ಬಂದಿದ್ದ.

"ಬಿದ್ದಿದ್ರೆ ಏನು ಗತಿ ಅಪ್ಪ? ಯಾರನ್ನಾದ್ರೂ ಕಳಿಸ್ಬಾರ್ದಿತ್ತಾ?"

"ಕಳಿಸಿದ್ನಲ್ಲ. ನೀನು ಬರ್ಲಿಲ್ಲ." ಅಪ್ಪ ಪೆಟ್ಟಿಗೆಯ ಅಂಚಿಗೆ ಒರಗಿ ಉಸಿರು ಬಿಟ್ಟ. "ಬಾ, ಎಲ್ಲರೂ ಕೇಳ್ತಿದಾರೆ."

ಮೇಷ್ಟರು ಏಳಲಿಲ್ಲ. ಮಾತು ತಾನಾಗಿ ಬಂತು, ನಿಧಾನವಾಗಿ, ದನಿ ಏರದೆ. "ಅಮ್ಮನ ಪೆಟ್ಟಿಗೆ ನಾನೊಬ್ಬನೇ ಮಾಡ್ದೆ. ಚೆನ್ನಾಗಿದೆ ಅಂತ ನೀವು ಒಂದು ಮಾತು ಅನ್ಲಿಲ್ಲ. ಇಷ್ಟು ವರ್ಷ ಈ ಶೆಡ್ಡು ಬಿಟ್ಟು ಎಲ್ಲೂ ಹೋಗ್ಲಿಲ್ಲ ನಾನು. ನನ್ ಹೆಸರಲ್ಲಿ ಯಾವತ್ತಾದ್ರೂ ನಾಕು ಜನರನ್ನ ಊಟಕ್ಕೆ ಕರೆದ್ರಾ?"

"ಶೆಡ್ಡು ನಿಂದು. ಮರ ನಿಂದು. ನಾನೂ ದಿನಾ ನಿನ್ ಪಕ್ಕದಲ್ಲೇ ಇದ್ದೀನಿ. ನಿಂದನ್ನೇ ನಿಂಗೆ ಹೇಗೆ ಕೊಡ್ಲಿ ಮಗಾ?" ಅಪ್ಪ ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದ, "ಆದ್ರೂ ಒಂದು ಮಾತು ಅನ್ಬೇಕಿತ್ತು. ಅನ್ಲಿಲ್ಲ."

ಮೇಷ್ಟರು ಉಳಿಯನ್ನು ಕೆಳಗಿಟ್ಟರು. "ಅವನು ಸತ್ತಿದ್ರೆ ನಾನು ಒಳ್ಳೆಯವನಾಗೇ ಉಳೀತಿದ್ದೆ ಅಪ್ಪ."

"ಗೊತ್ತು."

"ಅವನು ಬದುಕಿದ್ದು ನಂಗೆ ಸಂತೋಷ ಆಗ್ತಿಲ್ಲ."

"ಅದೂ ಗೊತ್ತು. ಒಳ್ಳೆಯವನನ್ನ ಕರೆಯಕ್ಕೆ ಬಂದಿಲ್ಲ ನಾನು. ನನ್ ಮಗನ್ನ ಕರೆಯಕ್ಕೆ ಬಂದೆ."

ಅಷ್ಟು ಹೇಳಿ ಅಪ್ಪ ಬೆಡ್‌ಶೀಟು ಸರಿಸಿದ. ಕಣ್ಣು ಅಷ್ಟಾಗಿ ಕಾಣದು, ಅವನು ಕೈಯಿಂದಲೇ ನೋಡುವವನು. ಬೆರಳುಗಳು ಮೂಲೆಯ ಕೂಡುಗಳ ಮೇಲೆ, ಮುಚ್ಚಳದ ಅಂಚಿನ ಮೇಲೆ ಮೆಲ್ಲಗೆ ಓಡಿದವು. "ಚೆನ್ನಾಗಿದೆ," ಎಂದ. ಆಮೇಲೆ ಭುಜ ಬರುವ ಜಾಗದಲ್ಲಿ ಗೇಣು ಇಟ್ಟು ಅಳೆದ. ಇನ್ನೊಂದು ಸಲ ಅಳೆದ.

"ಇಷ್ಟು ಅಗಲ ಯಾಕೆ?"

"ಅವನು ಮೊದಲು ಹಾಗೇ ಇದ್ದ."

"ಯಾವತ್ತೂ ಇರ್ಲಿಲ್ಲ. ಹುಟ್ಟಿದಾಗಿಂದ ಕಡ್ಡಿ ಅವನು. ಉದ್ದಾನೂ ಜಾಸ್ತಿ." ಅಪ್ಪ ಕೈ ಚಾಚಿ, ಕೂತಿದ್ದ ಮಗನ ಬೆನ್ನು ತಡಕಿ, ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಗೇಣು ಹಾಕಿದ. ಬದುಕಿರುವವರಿಗೆ ಅಳತೆ ಹಿಡಿಯಬಾರದೆಂದು ಅವರಿಗೆ ಚಿಕ್ಕಂದಿನಲ್ಲಿ ಕಲಿಸಿದ್ದ ಕೈ ಅದು. ಆ ಕೈ ಬೆಚ್ಚಗಿತ್ತು. ಹಾಗೆ ಅಪ್ಪ ತಮ್ಮನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ ಮೇಷ್ಟರಿಗೆ ನೆನಪಾಗಲಿಲ್ಲ. ಅವರು ಅಲುಗಾಡದೆ ಅಳತೆ ಕೊಟ್ಟರು.

"ಸರಿಯಾಗಿದೆ," ಎಂದ ಅಪ್ಪ. "ನಿಂಗೆ ಸರಿಯಾಗಿದೆ."

ಮೇಷ್ಟರು ಪೆಟ್ಟಿಗೆಯನ್ನು ನೋಡಿದರು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಹಲಗೆಗಳಲ್ಲಿ ಅವರು ಮನಸ್ಸಿನಲ್ಲೇ ಎಷ್ಟು ಸಲ ತಮ್ಮನ್ನೇ ತಾವು ಮಲಗಿಸಿ ನೋಡಿದ್ದರೋ, ಗರಗಸ ಹಿಡಿದ ಕೈಗೆ ಬೇರೆ ಅಳತೆ ಬಂದಿರಲಿಲ್ಲ. ಅವರಿಗೆ ನಗು ಬಂತು. ನಗಲು ಹೋದರೆ ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಿಂದ ಒರೆಸಿಕೊಂಡರು. ತೋಳಿನ ತುಂಬ ಮರದ ಪುಡಿ ಇತ್ತು.

"ಇದನ್ನ ಬಿಚ್ಚಿಬಿಡು," ಎಂದ ಅಪ್ಪ. "ಒಂದು ದೊಡ್ಡ ಮೇಜು ಆಗತ್ತೆ. ಒಳಗೆ ಅರ್ಧ ಜನ ನಿಂತ್ಕೊಂಡು ತಿಂತಿದಾರೆ." ಕೋಲೂರಿ ಬಾಗಿಲವರೆಗೆ ಹೋಗಿ ನಿಂತ. "ಬರೋವಾಗ ಹೇಗೋ ಬಂದ್ಬಿಟ್ಟೆ. ಮೆಟ್ಟಿಲು ಹತ್ತಕ್ಕೆ ನನ್ ಕೈಲಾಗಲ್ಲ."

ಅಪ್ಪನನ್ನು ಕತ್ತಲಲ್ಲಿ ಒಬ್ಬನೇ ಬಿಡುವ ಹಾಗಿರಲಿಲ್ಲ. ಮೇಷ್ಟರು ಎದ್ದು ಅವನ ತೋಳು ಹಿಡಿದರು. ಅಂಗಳ ದಾಟಿದರು. ಒಂದೊಂದೇ ಮೆಟ್ಟಿಲು ಹತ್ತುವಾಗ ಅಪ್ಪನ ಭಾರವೆಲ್ಲ ಅವರ ಮೇಲಿತ್ತು. ಬಾಗಿಲ ಬೆಳಕಿನಲ್ಲಿ ತಮ್ಮ ಬಂದು ನಿಂತಿದ್ದ, ಅವರದೇ ಹಳೆಯ ಅಂಗಿ ತೊಟ್ಟಿದ್ದ, ಅದು ಅವನ ಭುಜದಿಂದ ಜೋತು ಬಿದ್ದಿತ್ತು. ಅವನು ಕೈ ಚಾಚಿ ಅಪ್ಪನ ಇನ್ನೊಂದು ತೋಳು ಹಿಡಿದುಕೊಂಡ. ಅಣ್ಣನ ಕಡೆ ನೋಡಿದ. ಅವನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಅಪ್ಪನನ್ನು ಒಳಗೆ ಎಳೆದುಕೊಂಡ. ಅಪ್ಪ ಇತ್ತ ಹಿರಿಮಗನ ಕೈಯನ್ನು ಮಾತ್ರ ಬಿಡಲಿಲ್ಲ.

ಹೊಸ್ತಿಲ ಮೇಲೆ ಒಂದು ಬದಿಗೆ ಹಲ್ಲು ಬಿದ್ದ ಹುಡುಗಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಅಗಿಯುವುದನ್ನು ನಿಲ್ಲಿಸಿ ಮೇಷ್ಟರ ಮುಖ ನೋಡಿದಳು, ಅವರ ಕಾಲು ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡು ಇನ್ನೊಬ್ಬರಿಗೆ ಜಾಗವಾಗುವಷ್ಟು ಆಚೆಗೆ ಸರಿದಳು.