ಉಳ್ಳಾಗಡ್ಡಿ ಮಡಿಯಲ್ಲಿ ಕರಿಜೀರಿಗೆ

ಮೆಹರಾಜ ಕಾಲುವೆ ನೀರಿನ ಗಂಗಾವತಿಯಲ್ಲಿ ಅನ್ನ ಉಂಡು ಬೆಳೆದವಳು. ತಳಕಲ್ಲಿಗೆ ಸೊಸೆಯಾಗಿ ಬಂದ ಮೇಲೆ ಮೂರು ಹೊತ್ತೂ ಜೋಳದ ರೊಟ್ಟಿ. ತಿಂದರೆ ಹೊಟ್ಟೆ ಬಿಗಿದು ಉಬ್ಬುತ್ತಿತ್ತು. ಹೇಳಲು ನಾಚಿಕೆ. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ನಮ್ಮ ರೊಟ್ಟಿ ನಿನಗ ಸೇರೂದಿಲ್ಲ ಬಿಡವಾ," ಅನ್ನುತ್ತಿದ್ದಳು ಅತ್ತೆ ಶಾಹಜಾದಬಿ. "ಕಾಲುವಿ ನೀರು ಕುಡದಾಕಿ. ಒಂದಿನ ಗಂಟು ಕಟ್ಟಿ ತವರಿಗೆ ಹೊಂಟ ಬಿಡ್ತಿ."

ಹೊಟ್ಟೆಯ ಸಂಕಟಕ್ಕಿಂತ ಆ ಮಾತೇ ಹೆಚ್ಚು ಚುಚ್ಚುತ್ತಿತ್ತು. ಅವಳಿಗೆ ಈ ಮನೆ ಬೇಕಿತ್ತು. ಗಂಡ ಇಮ್ರಾನ ಬೇಕಿದ್ದ, ಸದಾ ರೇಗುವ ಈ ಅತ್ತೆಯೂ ಬೇಕಿದ್ದಳು.

ತವರಿಗೆ ಹೋಗಿ ಬರುವಾಗ ತಾಯಿ ಹಳೆಯ ಬಟ್ಟೆಯಲ್ಲಿ ಕರಿಜೀರಿಗೆ ಕಟ್ಟಿ ಕೊಟ್ಟಳು. ಅವರಲ್ಲಿ ಖಿಚಡಿಗೆ, ಬೇಳೆಗೆ, ಒಗ್ಗರಣೆಯಲ್ಲಿ ಅದು ಬೀಳಲೇಬೇಕು. ಉಂಡದ್ದು ಹಗುರಾಗಿ ಇಳಿಯುತ್ತದೆಂಬ ನಂಬಿಕೆ. ಅತ್ತೆಯನ್ನು ಕೇಳಿ ಹಾಕಿದರಾಯಿತೆಂದು ಮೆಹರಾಜ ಗಂಟನ್ನು ಅಡುಗೆಮನೆಯ ಗೂಡಿನಲ್ಲಿಟ್ಟಳು. ಕೇಳುವ ಧೈರ್ಯ ಮಾತ್ರ ಬರಲೇ ಇಲ್ಲ.

ಒಂದು ಮುಂಜಾನೆ ನೋಡಿದರೆ ಗೂಡು ಖಾಲಿ. ಹಿತ್ತಲಲ್ಲಿ ಶಾಹಜಾದಬಿ ಉಳ್ಳಾಗಡ್ಡಿ ಸಸಿಗೆಂದು ಮಾಡಿದ ಮಡಿಯ ಮೇಲೆ ಕೊನೆಯ ಹಿಡಿ ಚೆಲ್ಲಿ ಮಣ್ಣು ಸವರುತ್ತಿದ್ದಳು.

"ಬೀಜ ತಂದಿಟ್ಟೀನಿ ಅಂತ ಒಂದ ಮಾತು ಹೇಳಿಲ್ಲ ನೋಡು, ನಿನ್ನ ಗಂಡ!"

ಕರಿಜೀರಿಗೆಯೂ ಉಳ್ಳಾಗಡ್ಡಿ ಬೀಜದ ಹಾಗೆಯೇ ಕಪ್ಪು, ಮೂಲೆಮೂಲೆಯ ಕಾಳು. ಉಳ್ಳಾಗಡ್ಡಿ ಬೆಳೆಯುವ ಮನೆಯವರ ಕಣ್ಣಿಗೆ ಬೇರೆ ಇನ್ನೇನು ಕಂಡೀತು? ಅತ್ತೆಯ ತಪ್ಪು ಎತ್ತಿ ಆಡಲಾರದೆ ಮೆಹರಾಜ ಹೋಗಿ ನೀರು ತಂದು ಚಿಮುಕಿಸಿದಳು.

ಮೊಳಕೆ ಬಂತು. ದಾರದಂತೆ ಬಾಗಿ ಏಳುವ ಉಳ್ಳಾಗಡ್ಡಿ ಮೊಳಕೆಯಲ್ಲ, ಗರಿಯಂತೆ ಸೀಳಿದ ಪುಟ್ಟ ಎಲೆ.

"ಅಂಗಡ್ಯಾಂವ ಮೋಸ ಮಾಡ್ಯಾನ. ಬರೇ ಕಸ!" ಶಾಹಜಾದಬಿ ಕೀಳಲು ಕೂತಳು.

"ಕೀಳಬ್ಯಾಡ್ರಿ ಅಮ್ಮಾ!"

ತನ್ನ ದನಿಗೆ ಮೆಹರಾಜಳೇ ಬೆಚ್ಚಿದಳು. ಇನ್ನು ನಿಲ್ಲಿಸುವಂತಿರಲಿಲ್ಲ. "ಅದು ಕರಿಜೀರಿಗಿ. ತವರಿಂದ ನಾನ ತಂದಿದ್ದೆ. ರೊಟ್ಟಿ ರುಚಿ ಐತ್ರಿ, ಹೊಟ್ಟಿ ತಡ್ಯೂದಿಲ್ಲ. ಉಬ್ಬತೈತಿ."

"ಇಷ್ಟ ದಿನ ಬಾಯಾಗ ಏನ ಇಟಗೊಂಡಿದ್ದಿ?"

"ನಿಮ್ಮ ರೊಟ್ಟಿನ್ರಿ."

ಶಾಹಜಾದಬಿ ಮಣ್ಣುಗೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

ಸಂಜೆ ಇಮ್ರಾನ ಯಲಬುರ್ಗಾದಿಂದ ಕರಿಜೀರಿಗೆ ತಂದ. ಚಳಿಗಾಲದ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವಂತೆ ಶಾಹಜಾದಬಿ ಜೋಳದ ರೊಟ್ಟಿಯ ಮೇಲೆ ಅದನ್ನು ಉದುರಿಸಿ ತಟ್ಟಿದಳು. ಒಂದು ರೊಟ್ಟಿ ಮುಗಿದಾಗ ಮೆಹರಾಜಳ ಕೈ ರೂಢಿಯಂತೆ ತಾಟಿಗೆ ಅಡ್ಡ ಹೋಯಿತು. ಆಮೇಲೆ ತಾನಾಗಿಯೇ ಸರಿಯಿತು.

ಶಾಹಜಾದಬಿ ತಾನೂ ಒಂದು ತಿಂದು, ಸೊಸೆಯ ಕಡೆ ವಾಲಿ ಮೆಲ್ಲಗೆ ಅಂದಳು: "ನನ್ನ ಹೊಟ್ಟೀದೂ ಇದ ಹಣೇಬಾರ. ಈ ವಯಸ್ಸಿನ್ಯಾಗ ಯಾರಿಗೆ ಹೇಳ್ಲಿ ಅಂತ ಸುಮ್ನಿದ್ದೆ."

"ನನಗ ಹೇಳ್ರಿ."

"ಹೇಳ್ತೀನಿ. ನಾಳಿಂದ ಆ ಮಡಿ ನೀನ ನೋಡ್ಕೊ. ಅದಕ್ಕ ಎಷ್ಟ ನೀರು ಬೇಕಂತ ನನಗೇನ ಗೊತ್ತು?"