ನಾಲಿಗೆಯ ಕೆಳಗಿನ ಬೆಳಕು

ಟಾರ್ಚಣ್ಣ ಮನುಷ್ಯರ ಮುಖಕ್ಕಿಂತ ಮೊದಲು ಬಾಯಿ ನೋಡುತ್ತಿದ್ದ. ಕುಷ್ಠರೋಗದ ಮಾತ್ರೆಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದ ಅವನ ಬೂದುಬಣ್ಣದ ಕೋಟಿನ ಎಡಜೇಬಿನಲ್ಲಿ ಸ್ಟೀಲಿನ ಲೋಟ, ಬಲಜೇಬಿನಲ್ಲಿ ಬೆರಳುದ್ದದ ಟಾರ್ಚು. ಲೋಟದ ಭಾರಕ್ಕೆ ಕೋಟು ಜೋತು, ಕೋಟಿನ ಜೊತೆಗೆ ನಡಿಗೆಯೂ ಎಡಕ್ಕೇ ವಾಲಿಕೊಂಡಿತ್ತು. ರೋಗಿ ಮಾತ್ರೆ ನುಂಗಿದ ಮೇಲೆ, "ಎಲ್ಲಿ, ನಾಲಿಗೆ ಎತ್ತಿ" ಎಂದು ಕೆಳಗೆಲ್ಲ ಬೆಳಕು ಬಿಟ್ಟು ಶೋಧಿಸದೆ ಅವನು ಹೊಸ್ತಿಲು ದಾಟಿದ್ದಿಲ್ಲ. ಗಂಭೀರರಾದ ನಿವೃತ್ತ ನ್ಯಾಯಾಧೀಶರೊಬ್ಬರು ಅವನೆದುರು ಹಕ್ಕಿಮರಿಯಂತೆ ಬಾಯಿ ತೆರೆದು ಕೂತದ್ದನ್ನು ಕಂಡವರುಂಟು.

ಹಟಕ್ಕೆ ಕಾರಣವಿತ್ತು. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರ ಬೆರಳುಗಳು ಮಡಚಿಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮೂತ್ರ ಕೆಂಪಾಯಿತು, ಮೈ ಕಪ್ಪಾಯಿತು, ಮಚ್ಚೆ ಊದಿ ಜ್ವರ ಬಂತು ಎಂದು ಯಾರು ಯಾವ ದೂರು ತಂದರೂ ಅವನದು ಒಂದೇ ಮಂತ್ರ: "ಏನೇ ಆಗ್ಲಿ, ಮಾತ್ರೆ ಬಿಡ್ಬೇಡಿ." ಆ ಮಂತ್ರ ಎಷ್ಟೋ ಕೈಕಾಲುಗಳನ್ನು ಉಳಿಸಿತ್ತು.

ಹೊಲಿಗೆಯವಳೊಬ್ಬಳಿದ್ದಳು. ಮುಂಗೈಯ ಮಸುಕು ಮಚ್ಚೆಗೆ ಸೂಜಿ ಚುಚ್ಚಿದರೂ ನೋವಾಗದ್ದನ್ನು ಕಂಡು, ಯಾರೂ ಹೇಳದೆ ತಾನೇ ಆಸ್ಪತ್ರೆಗೆ ಹೋಗಿದ್ದ ಜಾಣೆ. ಮಾತ್ರೆ ಶುರುವಾದ ಐದನೆಯ ವಾರ ಅವಳಿಗೆ ಜ್ವರ ಬಂತು, ಮೈತುಂಬ ದದ್ದುಗಳೆದ್ದವು, ಕತ್ತಿನಲ್ಲಿ ಗಡ್ಡೆ ಕಟ್ಟಿತು. ಕೊಟ್ಟ ಮಾತ್ರೆಗಳಲ್ಲಿ ದಿನವೂ ನುಂಗುವ ಪುಟ್ಟ ಬಿಳಿಯದರ ಮೇಲೆ ಅವಳಿಗೆ ಗುಮಾನಿ. "ಅಣ್ಣಾ, ಇದು ನನ್ ಮೈಗೆ ಒಗ್ತಿಲ್ಲ. ನಾಲ್ಕು ದಿನ ಬಿಟ್ಟು ನೋಡ್ಲಾ?" ಎಂದು ಕೇಳಿದಳು.

ಟಾರ್ಚಣ್ಣ ಒಂದು ಗಳಿಗೆ ತಬ್ಬಿಬ್ಬಾದ. ರೋಗ ಕೆರಳಿದರೆ ಊದಬೇಕಾದದ್ದು ಮಚ್ಚೆ; ಮಚ್ಚೆಯೇ ಇಲ್ಲದ ಬೆನ್ನಿಗೂ ಹೊಟ್ಟೆಗೂ ದದ್ದೇಕೆ? ಆದರೆ ಸಂದೇಹಕ್ಕಿಂತ ಮೊದಲು ಅಭ್ಯಾಸ ಬಾಯಿಗೆ ಬಂತು. ಮಂತ್ರ ಹೇಳಿದ, ತನ್ನ ಲೋಟದಲ್ಲೇ ನೀರು ಕೊಟ್ಟು ನುಂಗಿಸಿದ, ನಾಲಿಗೆಯ ಕೆಳಗೆ ಬೆಳಕು ಬಿಟ್ಟು ಸಮಾಧಾನದಿಂದ ಹೊರಟುಹೋದ. ಅವಳು ಅವನ ಮಾತು ನಂಬಿ ಇನ್ನೂ ಮೂರು ದಿನ ನುಂಗಿದಳು.

ನಾಲ್ಕನೆಯ ದಿನ ಚರ್ಮ ಸುಲಿಯತೊಡಗಿ ಅವಳನ್ನು ಆಸ್ಪತ್ರೆಗೆ ಹೊತ್ತುತಂದರು. ಡಾಕ್ಟರಮ್ಮ ಅವಳ ರೆಪ್ಪೆ ಎಳೆದು ಹಳದಿಗಟ್ಟಿದ ಕಣ್ಣನ್ನು, ಸುದ್ದಿ ಕೇಳಿ ಓಡಿಬಂದ ಟಾರ್ಚಣ್ಣನಿಗೆ ತೋರಿಸಿದರು. ಆ ಬಿಳಿ ಮಾತ್ರೆ ಅಪರೂಪಕ್ಕೆ ಕೆಲವರಿಗೆ ವಿಷವಾಗುತ್ತದೆಂದೂ, ಯಕೃತ್ತಿಗೆ ಪೆಟ್ಟು ಬಿದ್ದಿದೆಯೆಂದೂ, ಜೀವ ಉಳಿಯುವ ಭರವಸೆ ಕೊಡಲಾರೆನೆಂದೂ ಹೇಳಿದರು. "ರೋಗ ಕೆರಳಿದ್ರೆ ಮಾತ್ರೆ ಬಿಡ್ಬಾರ್ದು. ಮಾತ್ರೆನೇ ಕೆರಳಿಸಿದ್ರೆ ತಕ್ಷಣ ಬಿಡಿಸ್ಬೇಕು."

ಟಾರ್ಚಣ್ಣ ತಲೆಯಾಡಿಸಿದ, ತಿಳಿಯಿತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಅದಕ್ಕೂ ಜ್ವರ, ಇದಕ್ಕೂ ಜ್ವರ. ಅದೂ ಕೆಂಪು, ಇದೂ ಕೆಂಪು. ಅಂದು ತಾನು ಬಿಟ್ಟ ಬೆಳಕಿಗೂ ಆ ಹಳದಿ ಕಣ್ಣಿಗೂ ಗೇಣು ದೂರವೂ ಇರಲಿಲ್ಲವಲ್ಲ! ವಾರ್ಡಿನ ಹೊರಗಿನ ಬೆಂಚಿನಲ್ಲಿ ದಿನಗಟ್ಟಲೆ ಕೂತ. ತಪ್ಪಾಯಿತೆನ್ನಲು ಬಾಯಿ ಬಾರದು, ಎದ್ದುಹೋಗಲು ಕಾಲು ಬಾರದು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಪಾಡು.

ಅವಳು ಬದುಕಿದಳು. ಆ ಬಿಳಿ ಮಾತ್ರೆಯೊಂದನ್ನು ಕೈಬಿಟ್ಟು ಉಳಿದವನ್ನು ಟಾರ್ಚಣ್ಣ ಅವಳ ಮನೆಗೆ ಒಯ್ದಾಗ, ನುಂಗಿದವಳೇ ತಾನಾಗಿ ಬಾಯಿ ತೆರೆದು ನಾಲಿಗೆ ಎತ್ತಿದಳು. ಅವನು ಟಾರ್ಚನ್ನು ಅವಳ ಕಣ್ಣಿಗೆ ಹಿಡಿದು, "ಮೈ ಹೇಗಿದೆ, ಹೇಳಮ್ಮ" ಎಂದ.

"ಅವತ್ತೂ ಹೇಳಿದ್ದೆ, ಅಣ್ಣಾ."

ಅವನು ಟಾರ್ಚು ಆರಿಸಿ ಜೇಬಿಗಿಟ್ಟ. ಈಗಲೂ ಮಂತ್ರ ಹೇಳುತ್ತಾನೆ. ಆದರೆ "ಏನೇ ಆಗ್ಲಿ" ಎಂಬಲ್ಲಿಗೆ ತಡೆದು, ಏನಾಗಿದೆಯೆಂದು ಕೇಳುತ್ತಾನೆ. ಹಿಡಿದದ್ದನ್ನು ಬಿಡದ ಇಂಥವರಿಂದಲೇ ಲೋಕದಲ್ಲಿ ಎಷ್ಟೋ ಜೀವಗಳು ಉಳಿಯುತ್ತವೆ. ಯಾವಾಗ ಬಿಡಬೇಕೆಂಬುದು ಅವರಿಗೆ ಕೊನೆಯವರೆಗೂ ಪೂರ್ತಿ ಬಗೆಹರಿಯುವುದಿಲ್ಲ. ಬಗೆಹರಿಯದ ಆ ಭಾರವನ್ನೂ ಜೇಬಿಗೆ ಹಾಕಿಕೊಂಡು, ಇನ್ನಷ್ಟು ವಾಲಿಕೊಂಡು, ಮುಂದಿನ ಮನೆಯ ಬಾಗಿಲು ತಟ್ಟುತ್ತಾರೆ.